2012ರ ಫಾರ್ಚುನರ್: ಮಾರುವವನೇ ಬರೆದ ವಿಮರ್ಶೆ

ನಾನು ಮಾರಾಟಕ್ಕಿಟ್ಟಿರುವುದು 2012ರಲ್ಲಿ ನೋಂದಣಿಯಾದ, ಕೆಎ-14 ಸಂಖ್ಯೆಯ, ಮೂರು ಲೀಟರ್ ಡೀಸೆಲ್ ಎಂಜಿನ್ನಿನ, ಮ್ಯಾನ್ಯುಯಲ್ ಗೇರಿನ ಫೋರ್ ವೀಲ್ ಡ್ರೈವ್ ಟೊಯೊಟಾ ಫಾರ್ಚುನರ್. ಬಿಡದಿಯಲ್ಲಿ ತಯಾರಾದ ಈ ಗಾಡಿ ತೀರ್ಥಹಳ್ಳಿ ಕಡೆಯ ತೋಟದ ಮನೆಗೂ ಶಿವಮೊಗ್ಗಕ್ಕೂ ಓಡಾಡುತ್ತಲೇ ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದೆ. ಮಾರುವವನ ಮಾತನ್ನು ಯಾರೂ ಪೂರ್ತಿ ನಂಬುವುದಿಲ್ಲ, ನಂಬಲೂಬಾರದು. ಆದ್ದರಿಂದ ಕುಂದುಗಳಿಂದಲೇ ಆರಂಭಿಸುತ್ತೇನೆ.

ಎಡಬದಿಯ ಎರಡೂ ಬಾಗಿಲುಗಳ ಮೇಲೆ ರಸ್ತೆ ಬದಿಯ ಮಣ್ಣಿನ ಧರೆಗೆ ಉಜ್ಜಿದ ಗೀರುಗಳಿವೆ. ಎದುರಿನಿಂದ ಅಡಿಕೆ ತುಂಬಿದ ಪಿಕಪ್ ಬಂದರೆ ತೋಟದ ರಸ್ತೆಯಲ್ಲಿ ಸರಿದು ನಿಲ್ಲಲು ಬೇರೆ ಜಾಗವಿರುವುದಿಲ್ಲ ಎಂಬುದು ಇಲ್ಲಿ ಗಾಡಿ ಓಡಿಸಿದವರಿಗೆಲ್ಲ ಗೊತ್ತು. ಬಾನೆಟ್ಟಿನ ಮೇಲೆ ಅಂಗೈಯಗಲ ಜಾಗದಲ್ಲಿ ಬಣ್ಣದ ಹೊಳಪಿನ ಪದರ ಎದ್ದಿದೆ, ಹಿಂದಿನ ಬಂಪರಿನ ಮೂಲೆ ಬಿರುಕು ಬಿಟ್ಟಿದೆ, ಚಾಲಕನ ಸೀಟಿನ ಹೊದಿಕೆಯ ಅಂಚು ಹರಿದಿದೆ. ಮಳೆಗಾಲದಲ್ಲಿ ಹೆಚ್ಚು ದಿನ ಮುಚ್ಚಿಟ್ಟರೆ ಒಳಗೆ ಬೂಷ್ಟಿನ ವಾಸನೆ ಬರುತ್ತದೆ, ಎ.ಸಿ. ಫಿಲ್ಟರ್ ಬದಲಿಸಿ ಬಿಸಿಲಿಗೆ ಬಾಗಿಲು ತೆರೆದಿಟ್ಟರೆ ಹೋಗುತ್ತದೆ, ಮುಂದಿನ ಆಷಾಢಕ್ಕೆ ಮತ್ತೆ ಬರುತ್ತದೆ. ಹಳದಿಗಟ್ಟಿದ್ದ ಹೆಡ್‌ಲೈಟುಗಳನ್ನು ಮಾತ್ರ ಪಾಲಿಶ್ ಮಾಡಿಸಿದ್ದೇನೆ, ಏಕೆಂದರೆ ಅದು ಅಂದಕ್ಕಿಂತ ಹೆಚ್ಚಾಗಿ ರಾತ್ರಿ ಮಂಜಿನಲ್ಲಿ ದಾರಿ ಕಾಣುವ ಪ್ರಶ್ನೆ.

ಹಳೆಯ ವಾಹನಗಳನ್ನು ಕೊಳ್ಳುವ ಮಳಿಗೆಯೊಂದರಲ್ಲಿ ಬೆಲೆ ಕೇಳಿದಾಗ, ಅಲ್ಲಿನವರು ಈ ಗೀರುಗಳನ್ನೆಲ್ಲ ಒಂದೊಂದಾಗಿ ಫೋಟೋ ತೆಗೆದು, ಪ್ರತಿಯೊಂದಕ್ಕೂ ಇಷ್ಟೆಂದು ಬೆಲೆ ಕಡಿಮೆ ಮಾಡುತ್ತಾ ಹೋದರು. ಗಾಡಿಯ ಅಡಿಭಾಗಕ್ಕೆ ಬಗ್ಗಿಯೂ ನೋಡಲಿಲ್ಲ, ಸರ್ವಿಸ್ ದಾಖಲೆಗಳ ಕಡತವನ್ನು ಬಿಚ್ಚಲೂ ಇಲ್ಲ. ಟಿಂಕರಿಂಗ್, ಪೇಂಟಿಂಗ್ ಮಾಡಿಸಿದರೆ ಒಳ್ಳೆಯ ಬೆಲೆ ಬರುತ್ತದೆ ಎಂಬ ಸಲಹೆಯೂ ಸಿಕ್ಕಿತು. ನಾನು ಅದನ್ನು ಒಪ್ಪಲಿಲ್ಲ. ಮಾರುವ ಮುಂಚೆ ಹೊಸದಾಗಿ ಬಣ್ಣ ಬಳಿಸಿದ ಹಳೆಯ ಗಾಡಿಯನ್ನು ಕಂಡರೆ ಅಪಘಾತವನ್ನು ಮುಚ್ಚಿಟ್ಟಿದ್ದಾರೆಯೇ ಎಂಬ ಅನುಮಾನವೇ ಮೊದಲು ಹುಟ್ಟುತ್ತದೆ, ಮತ್ತು ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರ ಹಿಡಿದು ಬರುವವರಿಗೆ ಪುಟ್ಟಿ ತುಂಬಿದ ಜಾಗ ತಕ್ಷಣ ಸಿಕ್ಕಿಬೀಳುತ್ತದೆ. ಗೀರು ಗೀರಾಗಿಯೇ ಇದ್ದರೆ, ಕೊಳ್ಳುವವರಿಗೆ ಅದರ ಕೆಳಗಿನ ಲೋಹ ಕಂಪನಿಯಿಂದ ಬಂದದ್ದೇ ಎಂದು ಖಾತ್ರಿಯಾಗುತ್ತದೆ.

ಮಲೆನಾಡಿನ ಗಾಡಿಯನ್ನು ನೋಡಬೇಕಾದುದು ಕೆಳಗಿನಿಂದ. ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ ಸಂದುಗಳಲ್ಲಿ ಮತ್ತು ಚಕ್ರದ ಕಮಾನುಗಳ ಒಳಗೆ ಕೂತ ಕೆಂಪು ಕೆಸರು ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಈ ಗಾಡಿಗೆ ಪ್ರತಿ ಮಳೆಗಾಲದ ನಂತರ ಅಡಿಭಾಗ ತೊಳೆಸಿ, ತುಕ್ಕು ನಿರೋಧಕ ಲೇಪ ಹಾಕಿಸಿದ್ದೇನೆ. ಯಾರು ಬೇಕಾದರೂ ಲಿಫ್ಟಿಗೆ ಏರಿಸಿ, ಸುತ್ತಿಗೆಯಿಂದ ತಟ್ಟಿ ನೋಡಬಹುದು. ಎಂಜಿನ್ನಿನ ಒಳಭಾಗಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸಲು ಇದಕ್ಕೆ ಟೈಮಿಂಗ್ ಚೈನ್ ಇಲ್ಲ, ಬೆಲ್ಟ್ ಇದೆ, ಅದನ್ನು ಒಂದೂವರೆ ಲಕ್ಷ ಕಿಲೋಮೀಟರಿಗೆ ಬದಲಿಸಬೇಕು. ಬದಲಿಸಿದ ಬಿಲ್ಲು ಕಡತದಲ್ಲಿದೆ. ಇದೇ ಮಾದರಿಯ ಬೇರೆ ಗಾಡಿ ನೋಡಲು ಹೋಗುವವರು ಈ ಒಂದು ಬಿಲ್ಲನ್ನು ಕೇಳದೆ ಮುಂಗಡ ಕೊಡಬಾರದು, ಏಕೆಂದರೆ ಬೆಲ್ಟ್ ತುಂಡಾದರೆ ಎಂಜಿನ್ನಿನ ಒಳಭಾಗವೇ ಹಾಳಾಗುತ್ತದೆ. ಶಕ್ತಿ ಸದಾ ನಾಲ್ಕೂ ಚಕ್ರಗಳಿಗೆ ಹೋಗುವ ವ್ಯವಸ್ಥೆಯಾದ್ದರಿಂದ ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿ, ಹೆಚ್ಚು ಕಡಿಮೆ ಸಮನಾಗಿ ಸವೆದಿರಬೇಕು. ಎರಡು ಹೊಸದು, ಎರಡು ಬೋಳು ಎಂಬ ಜೋಡಣೆ ಕಂಡರೆ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಬಗ್ಗೆಯೂ ವಿಚಾರಿಸುವುದು ಒಳ್ಳೆಯದು.

ಓಡಿಸಲು ಇದು ನಯವಾದ ಗಾಡಿಯಲ್ಲ. 171 ಪಿಎಸ್ ಶಕ್ತಿ, 343 ನ್ಯೂಟನ್ ಮೀಟರ್ ಎಳೆತ ಏರಿಗೆ ಸಾಕಾಗಿ ಮಿಗುತ್ತದೆ, ಲೋ ಗೇರಿಗೆ ಹಾಕಿದರೆ ಜಾರುವ ಕೆಸರಿನಲ್ಲೂ ತೋಟದಿಂದ ಮೇಲೆ ಬರುತ್ತದೆ. ಆದರೆ ಹೊಂಡದ ರಸ್ತೆಯಲ್ಲಿ ಹಿಂದೆ ಕುಳಿತವರು ಕುಲುಕಾಡುತ್ತಾರೆ. ಮೂರನೆಯ ಸಾಲು ಮಕ್ಕಳಿಗಷ್ಟೇ. ಹಿಂಬದಿಗೆ ಡಿಸ್ಕ್ ಇಲ್ಲ, ಡ್ರಮ್ ಬ್ರೇಕ್ ಇದೆ, ಹೀಗಾಗಿ ಇಷ್ಟು ತೂಕದ ಗಾಡಿಯನ್ನು ಆಗುಂಬೆ ಘಾಟಿಯ ತಿರುವುಗಳಲ್ಲಿ ಬ್ರೇಕನ್ನೇ ನಂಬಿ ಇಳಿಸದೆ, ಎರಡನೆಯ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ಇಳಿಸಬೇಕು. ಡೀಸೆಲ್ ಖರ್ಚು ಹೆಚ್ಚು, ಅದರಲ್ಲಿ ಎರಡು ಮಾತಿಲ್ಲ.

ವಿಚಾರಿಸಿದವರಲ್ಲಿ ಹೆಚ್ಚಿನವರು ಕೇಳಿದ್ದು ಹದಿನೈದು ವರ್ಷದ ಮಾತು. 2027ಕ್ಕೆ ಈ ಗಾಡಿ ಗುಜರಿಗೆ ಹೋಗಬೇಕು ಎಂಬುದು ತಪ್ಪು ತಿಳಿವಳಿಕೆ. ಹಳೆಯ ಗಾಡಿಗಳ ಬಗ್ಗೆ ದೆಹಲಿ ಸುತ್ತಲಿನ ಪ್ರದೇಶಕ್ಕೆಂದು ಬಂದ ಆದೇಶಗಳನ್ನು ಇಲ್ಲಿಗೂ ಅನ್ವಯಿಸಿಕೊಂಡು ಜನ ಹೆದರುತ್ತಾರೆ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಕಾರಿಗೆ ಹದಿನೈದು ವರ್ಷ ತುಂಬಿದಾಗ ನಮೂನೆ 25ರಲ್ಲಿ ಅರ್ಜಿ ಕೊಟ್ಟು, ಗಾಡಿಯನ್ನು ತಪಾಸಣೆಗೆ ಒಡ್ಡಿ, ಹಸಿರು ತೆರಿಗೆ ಕಟ್ಟಿದರೆ ಆರ್‌ಸಿ, ಅಂದರೆ ನೋಂದಣಿ ಪತ್ರ, ಐದು ವರ್ಷಕ್ಕೆ ನವೀಕರಣವಾಗುತ್ತದೆ. ಖರ್ಚು ಉಂಟು ಎಂಬುದು ನಿಜ. 2022ರ ಏಪ್ರಿಲ್‌ನಿಂದ ಈ ನವೀಕರಣದ ಶುಲ್ಕವೇ 5,000 ರೂಪಾಯಿಗೆ ಏರಿದ್ದು, ನಾನು ಬೆಲೆ ಹೇಳುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ.

ಗೀರಿನ ಹೆಸರಿನಲ್ಲಿ ಚೌಕಾಸಿ ಮಾಡುವವರಿಗೆ ನನ್ನ ತಕರಾರಿಲ್ಲ, ಬಾಗಿಲು ಮತ್ತು ಬಾನೆಟ್ಟಿಗೆ ಬಣ್ಣ ಬಳಿಸುವ ಖರ್ಚನ್ನು ಬಿಟ್ಟುಕೊಡಲು ಸಿದ್ಧನಿದ್ದೇನೆ. ಆದರೆ ಖಾಲಿ ನಮೂನೆಗಳಿಗೆ ಸಹಿ ಹಾಕಿಸಿಕೊಂಡು, ಹೆಸರು ಬದಲಾವಣೆಯನ್ನು ಆಮೇಲೆ ನೋಡಿಕೊಳ್ಳುತ್ತೇವೆ ಎನ್ನುವ ದಲ್ಲಾಳಿಗಳಿಗೆ ಕೊಡುವುದಿಲ್ಲ. ದಾಖಲೆಯಲ್ಲಿ ಹೆಸರಿರುವವರೆಗೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ವರ್ತಕರ ಮೂಲಕವೇ ಆಗಬೇಕೆಂದರೆ, 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ ಆರ್‌ಟಿಒದಿಂದ ಅಧಿಕೃತ ಪತ್ರ ಪಡೆದವರಾಗಿರಬೇಕು. ನೇರವಾಗಿ ಕೊಳ್ಳುವವರು ಹೆಸರು ಬದಲಾವಣೆಯ ನಮೂನೆ 29 ಮತ್ತು 30ಕ್ಕೆ ನನ್ನೆದುರೇ ಸಹಿ ಹಾಕಿ, ಶಿವಮೊಗ್ಗದ ಆರ್‌ಟಿಒಗೆ ನನ್ನೊಡನೆ ಬಂದರೆ ಸಾಕು. ಸಾಲ ತೀರಿದ ಪತ್ರ, ಚಾಲ್ತಿಯಲ್ಲಿರುವ ವಿಮೆ, ಎರಡು ಕೀಲಿಗಳು ಎಲ್ಲವೂ ಕಡತದ ಜೊತೆಗಿವೆ.