ಕಿಬ್ಬೊಟ್ಟೆಯ ಹಳೆಯ ನೋವಿಗೆ ಆನ್‌ಲೈನ್ ತರಬೇತಿ: ಎರಡು ವರ್ಷ ಬಳಸಿದ ಮೇಲಿನ ಅನಿಸಿಕೆ

ಕಿಬ್ಬೊಟ್ಟೆಯಲ್ಲಿ ಆರು ತಿಂಗಳಿಗೂ ಮೀರಿ ಉಳಿದ ನೋವನ್ನು ವೈದ್ಯರು ದೀರ್ಘಕಾಲದ ನೋವೆಂದು ಕರೆಯುತ್ತಾರೆ. ಅಂಥ ನೋವನ್ನು ದಿನನಿತ್ಯ ಹೇಗೆ ನಿಭಾಯಿಸಬೇಕೆಂದು ಕಲಿಸುವ ಆನ್‌ಲೈನ್ ತರಬೇತಿಯೊಂದನ್ನು ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಲ್ಲಿರುವ ನಾನು ಸುಮಾರು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಅದರಿಂದ ನೋವು ವಾಸಿಯಾಗಿಲ್ಲ. ಆದರೆ ಹಾಸಿಗೆ ಹಿಡಿಯುವ ದಿನಗಳು ಬಹಳ ಕಡಿಮೆಯಾಗಿವೆ, ಶಾಲೆಗೆ ರಜೆ ಹಾಕುವುದು ಅಪರೂಪವಾಗಿದೆ. ಈ ಬಗೆಯ ತರಬೇತಿಗಳ ಪಾಠಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ ಕಂಪನಿಯ ಹೆಸರನ್ನು ಬಿಟ್ಟು, ಒಳಗೆ ಏನಿದೆ, ಅದು ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಎಷ್ಟು ಒದಗುತ್ತದೆ ಎಂಬುದನ್ನಷ್ಟೇ ಬರೆಯುತ್ತೇನೆ.

ನನಗಿರುವುದು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೂ ಬೆಳೆಯುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 10ರಷ್ಟು, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಈ ತೊಂದರೆ ಇದೆ. ಆದರೂ ನಮ್ಮ ಮನೆಗಳಲ್ಲಿ ಅದಕ್ಕೆ ಮುಟ್ಟಿನ ಹೊಟ್ಟೆನೋವು ಎಂಬುದಕ್ಕಿಂತ ಬೇರೆ ಹೆಸರಿಲ್ಲ. ಬೆಳಗಾವಿಯಲ್ಲಿ ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ನಡೆಸುವ ಶಸ್ತ್ರಚಿಕಿತ್ಸೆ) ಮಾಡಿ ಸಿಸ್ಟ್ (ದ್ರವ ತುಂಬಿದ ಗಂಟು) ತೆಗೆದ ಮೇಲೂ ನೋವು ಪೂರ್ತಿ ಹೋಗಲಿಲ್ಲ. ಗರ್ಭಕೋಶ ತೆಗೆಸಿಬಿಡು ಎಂದು ಹೇಳಿದ ಹಿರಿಯರು ಹಲವರು. ಎಂಡೊಮೆಟ್ರಿಯೋಸಿಸ್ ಗರ್ಭಕೋಶದ ಹೊರಗೂ ಹರಡಿರುವುದರಿಂದ ಅದನ್ನು ತೆಗೆಸಿದರೂ ನೋವು ನಿಲ್ಲುವ ಖಾತ್ರಿಯಿಲ್ಲವೆಂದು ನನಗೆ ಬಿಡಿಸಿ ಹೇಳಿದವರು ಬೆಳಗಾವಿಯ ವೈದ್ಯರೇ. ಆ ಬಳಿಕ ಈ ತರಬೇತಿಗೆ ಸೇರಿದೆ.

ಮೊದಲ ಪುಟದಲ್ಲಿಯೇ ಅದು ಕೆಲವು ಪ್ರಶ್ನೆಗಳನ್ನು ಕೇಳುತ್ತದೆ: ಮುಟ್ಟು ಶಾಶ್ವತವಾಗಿ ನಿಂತ ಮೇಲೆ ರಕ್ತ ಹೋಗುತ್ತಿದೆಯೇ, ಮೂತ್ರದಲ್ಲಿ ಅಥವಾ ಮಲದಲ್ಲಿ ರಕ್ತವಿದೆಯೇ, ಜ್ವರವಿದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ಮುಟ್ಟು ತಪ್ಪಿದ ಮೇಲೆ ಒಮ್ಮೆಲೇ ವಿಪರೀತ ನೋವು ಬಂದಿದೆಯೇ. ಒಂದಕ್ಕೆ ಹೌದೆಂದರೂ ಪಾಠ ಮುಂದುವರಿಯುವುದಿಲ್ಲ, ಮೊದಲು ಆಸ್ಪತ್ರೆಗೆ ಹೋಗಿ ಎನ್ನುತ್ತದೆ. ಈ ಪ್ರಶ್ನೆಗಳನ್ನು ಕೇಳದೆ ನೇರವಾಗಿ ಹಣ ಕಟ್ಟಿಸಿಕೊಳ್ಳುವ ತರಬೇತಿಯನ್ನು ಯಾರೂ ಸೇರಬಾರದು.

ಆರಂಭದ ಪಾಠಗಳು ನೋವಿನ ಬಗೆಗಿನ ತಿಳಿವಳಿಕೆಗೆ ಮೀಸಲಾಗಿವೆ. ತಿಂಗಳುಗಟ್ಟಲೆ ನೋವುಂಡ ನರಗಳು, ಬೆನ್ನುಹುರಿ ಮತ್ತು ಮಿದುಳು ಅತಿ ಸೂಕ್ಷ್ಮವಾಗುತ್ತವೆ. ಗಾಯ ಮಾಯ್ದ ಮೇಲೂ ಸಣ್ಣ ಒತ್ತಡವನ್ನೇ ದೊಡ್ಡ ನೋವಾಗಿ ಗ್ರಹಿಸುತ್ತವೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ನೋವು ನಿಜವಾಗಿಯೇ ಇರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ನನಗೆ ಅದಕ್ಕೂ ಮೊದಲು ಯಾರೂ ಹೇಳಿರಲಿಲ್ಲ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದು ಅದರ ಜೊತೆಯ ಟಿಪ್ಪಣಿಯಲ್ಲಿ ಸೇರಿಸಿತು. ಆ ಪಾಠವನ್ನು ನಮ್ಮ ಯಜಮಾನರಿಗೂ ಓದಿ ಹೇಳಿದೆ. ನೆಪ ಹೇಳುತ್ತಿದ್ದಾಳೆಂಬ ಅನುಮಾನ ಮನೆಯಲ್ಲಿ ಅಲ್ಲಿಗೆ ಮುಗಿಯಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಪ್ರಯೋಜನವಾದದ್ದು ಕೆಲಸವನ್ನು ಹಂಚಿಕೊಳ್ಳುವ ವಿಧಾನ. ನೋವಿಲ್ಲದ ದಿನ ಬಾಕಿ ಉಳಿದ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಿ, ಮರುದಿನದಿಂದ ಏಳಲಾಗದೆ ಮಲಗುವುದು ಈ ನೋವಿರುವ ಬಹುತೇಕರ ರೂಢಿ. ಒಳ್ಳೆಯ ದಿನ ಒಂದು ಕೆಲಸವನ್ನು ಎಷ್ಟು ಹೊತ್ತು ಮಾಡಬಲ್ಲೆವು, ಕೆಟ್ಟ ದಿನ ಎಷ್ಟು ಹೊತ್ತು ಎಂದು ಬರೆದಿಟ್ಟುಕೊಂಡು, ಅವುಗಳ ಸರಾಸರಿಗಿಂತ ತುಸು ಕಡಿಮೆ ಹೊತ್ತಿನಿಂದ ಆರಂಭಿಸಿ, ನೋವಿದ್ದರೂ ಇಲ್ಲದಿದ್ದರೂ ಅಷ್ಟಕ್ಕೇ ನಿಲ್ಲಿಸಿ, ವಾರವಾರಕ್ಕೂ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು. ಆದರೆ ತರಬೇತಿಯ ಉದಾಹರಣೆಗಳೆಲ್ಲ ಕಾರು ಓಡಿಸುವುದು, ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ಮುಂದೆ ಕೆಲಸ ಮಾಡುವುದು ಇವೇ. ಒಲೆಯ ಮುಂದೆ ಕಾಲು ಮಡಚಿ ಕೂತು ಇಡೀ ಮನೆಗೆ ಜೋಳದ ರೊಟ್ಟಿ ಬಡಿಯುವುದು, ನೀರಿನ ಕೊಡ ಎತ್ತುವುದು, ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುವುದು, ಜಮಖಂಡಿಯ ಬಸ್ಸಿನಲ್ಲಿ ನಿಂತು ಪ್ರಯಾಣಿಸುವುದು ಅದರ ಯಾವ ಪಟ್ಟಿಯಲ್ಲಿಯೂ ಇಲ್ಲ. ಈ ಹೊಂದಾಣಿಕೆಯನ್ನು ನಾನೇ ಮಾಡಿಕೊಂಡೆ. ರೊಟ್ಟಿಯನ್ನು ಎರಡು ಸಲಕ್ಕೆ ಹಂಚಿದೆ, ಗ್ಯಾಸ್ ಕಟ್ಟೆಯ ಮುಂದೆ ನಿಂತು ಬಡಿಯುವುದನ್ನು ರೂಢಿಸಿಕೊಂಡೆ, ಉಳಿದ ಹಿಟ್ಟನ್ನು ನೆಗೆಣ್ಣಿಗೆ ಬಿಡುವುದಕ್ಕೆ ಸಂಕೋಚಪಡುವುದನ್ನು ನಿಲ್ಲಿಸಿದೆ.

ವ್ಯಾಯಾಮದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಿಬ್ಬೊಟ್ಟೆಯ ತಳದ ಸ್ನಾಯುಗಳೆಂದರೆ ಎಲ್ಲರೂ ಅವನ್ನು ಬಿಗಿಹಿಡಿದು ಬಿಡುವ ಕೆಗೆಲ್ ವ್ಯಾಯಾಮವನ್ನೇ ಹೇಳುತ್ತಾರೆ. ಹೆರಿಗೆಯ ನಂತರ ಸಡಿಲವಾದ ಸ್ನಾಯುಗಳಿಗೆ ಅದು ಸರಿ. ನೋವಿನಿಂದ ಸದಾ ಬಿಗಿದುಕೊಂಡಿರುವ ಸ್ನಾಯುಗಳನ್ನು ಇನ್ನಷ್ಟು ಬಿಗಿಗೊಳಿಸಿದರೆ ನೋವು ಹೆಚ್ಚಬಹುದು. ನನ್ನ ತರಬೇತಿಯಲ್ಲಿ ಮೊದಲು ಕಲಿಸಿದ್ದು ಸಡಿಲಿಸುವುದನ್ನು: ಮೊಣಕಾಲು ಮಡಚಿ ಅಂಗಾತ ಮಲಗಿ, ಹೊಟ್ಟೆ ಮೇಲೇಳುವಂತೆ ನಿಧಾನವಾಗಿ ಉಸಿರೆಳೆದುಕೊಂಡಾಗ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯುತ್ತದೆ, ಅದರೊಂದಿಗೆ ತಳದ ಸ್ನಾಯುಗಳೂ ಇಳಿದು ಸಡಿಲಗೊಳ್ಳುತ್ತವೆ. ಯಾರಿಗೆ ಯಾವುದು ಬೇಕೆಂಬುದನ್ನು ಪರೀಕ್ಷಿಸಿ ಹೇಳಬೇಕಾದವರು ಫಿಸಿಯೋಥೆರಪಿಸ್ಟ್, ಆ್ಯಪ್ ಅಲ್ಲ.

ನಿದ್ರೆ, ಮಲಬದ್ಧತೆ, ಮೂತ್ರದ ಅವಸರ ಇವುಗಳ ಪಾಠಗಳು ಸಾಧಾರಣವಾಗಿವೆ. ದಾಂಪತ್ಯದ ಪಾಠ ಒಳ್ಳೆಯದಿದೆ, ಆದರೆ ತುಂಬಿದ ಮನೆಯಲ್ಲಿ ಅದನ್ನು ಇಯರ್‌ಫೋನ್ ಇಲ್ಲದೆ ಕೇಳಲಾಗದು, ಮಕ್ಕಳ ಕೈಗೂ ಹೋಗುವ ಫೋನಿನಲ್ಲಿ ನೋಟಿಫಿಕೇಶನ್ ಬಂದ್ ಮಾಡಿಡುವುದು ಲೇಸು. ಗಂಡಸರಿಗೂ ಇಂಥ ನೋವು ಬರುತ್ತದೆ. ಅವರಿಗಾಗಿ ನನ್ನ ತರಬೇತಿಯಲ್ಲಿ ಏನೂ ಇಲ್ಲ.

ದೊಡ್ಡ ಕೊರತೆ ಭಾಷೆಯದು. ಎಲ್ಲವೂ ಇಂಗ್ಲಿಷಿನಲ್ಲಿದೆ. ನನಗಿಂತ ಹೆಚ್ಚು ನರಳುವ ನನ್ನ ನೆಗೆಣ್ಣಿಗೆ ನಾನೇ ಪ್ರತಿ ಪಾಠವನ್ನು ಕನ್ನಡದಲ್ಲಿ ವಿವರಿಸಬೇಕಾಗುತ್ತದೆ. ಜರ್ಮನಿಯಲ್ಲಿ 2019ರ ಕಾನೂನಿನ ಅಡಿ ಮಾನ್ಯತೆ ಪಡೆದ ಆರೋಗ್ಯ ಆ್ಯಪ್‌ಗಳನ್ನು ವೈದ್ಯರೇ ಬರೆದುಕೊಡುತ್ತಾರೆ, ಖರ್ಚನ್ನು ಸಾರ್ವಜನಿಕ ವಿಮೆ ಭರಿಸುತ್ತದೆ. ನಮ್ಮಲ್ಲಿ ಸರ್ಕಾರದ ಇ-ಸಂಜೀವಿನಿ ಇದೆ, ಆದರೆ ಅದು ವೈದ್ಯರ ಸಲಹೆ ಪಡೆಯುವ ವ್ಯವಸ್ಥೆ. ಹಂತಹಂತವಾಗಿ ಕಲಿಸುವ ತರಬೇತಿಯಲ್ಲ. ಉಸಿರಾಟದ ಅಭ್ಯಾಸ ಮತ್ತು ಕೆಲಸ ಹಂಚಿಕೊಳ್ಳುವ ಪಾಠ ಇವೆರಡಾದರೂ ಕನ್ನಡದ ಧ್ವನಿಯಲ್ಲಿ ಬಂದರೆ ಅಕ್ಷರ ಬಾರದವರೂ ಕೇಳಿ ಮಾಡಬಲ್ಲರು.

ಪಾಠಗಳನ್ನೆಲ್ಲ ಮುಗಿಸಿದ ಮೇಲೆ ನನಗೆ ಉಳಿದ ಉಪಯೋಗ ಫಿಸಿಯೋಥೆರಪಿಸ್ಟ್ ಜೊತೆಗಿನ ವಿಡಿಯೋ ಕರೆ ಒಂದೇ, ಏಕೆಂದರೆ ಕಿಬ್ಬೊಟ್ಟೆಯ ಸ್ನಾಯುಗಳ ಚಿಕಿತ್ಸೆ ಬಲ್ಲವರು ನಮ್ಮೂರಿನಲ್ಲಿಲ್ಲ. ಹಾಗಾಗಿ ಈ ವರ್ಷ ಪೂರ್ಣ ಚಂದಾ ಬಿಟ್ಟು, ಕರೆಗಷ್ಟೇ ಹಣ ಕಟ್ಟಿದ್ದೇನೆ. ಹೊಸದಾಗಿ ಸೇರುವವರು ಮೊದಲ ಮೂರು ತಿಂಗಳಿಗೆ ಮಾತ್ರ ಚಂದಾ ಕಟ್ಟಿ, ಸ್ವಯಂ ನವೀಕರಣವನ್ನು ಸೇರುವ ದಿನವೇ ರದ್ದು ಮಾಡಿಡಿ.