ಯಕ್ಷಗಾನ ಆಟದ ಫೋಟೊಗೆ ನಿಕಾನ್ ಡಿ7200 ಕ್ಯಾಮೆರಾ: ಏಳು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಹಕ್ಕಿ ಫೋಟೊದವನಲ್ಲ, ಮದುವೆ ಫೋಟೊದವನೂ ಅಲ್ಲ. ಯಕ್ಷಗಾನದ ಹುಚ್ಚು, ಅದರ ಜೊತೆ ಫೋಟೊ ಹುಚ್ಚು. ನಮ್ಮ ಕುಂದಾಪುರದ ಕಡೆ ನವೆಂಬರಿನಿಂದ ಮೇ ತನಕ ಎಲ್ಲಾದರೂ ಒಂದು ಕಡೆ ಬಯಲಾಟ ಇದ್ದೇ ಇರುತ್ತದೆ. ಹಾಗಾಗಿ ಇದನ್ನು ರಾತ್ರಿ ಹತ್ತರ ಮೇಲೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಕ್ಲಿಕ್ಕಿಸುವವನ ಮಾತು ಅಂತ ಓದಿಕೊಳ್ಳಿ. ಹಗಲು ಬೆಳಕಲ್ಲಿ ತೆಗೆಯುವವರಿಗೆ ಇದರಲ್ಲಿ ಅರ್ಧ ಬೇಕಾಗುವುದಿಲ್ಲ.

2018ರ ತನಕ ನನ್ನ ಕೈಲಿದ್ದದ್ದು ಡಿ3200. ಒಳ್ಳೆಯ ಕ್ಯಾಮೆರಾ, ಸುಳ್ಳು ಹೇಳಬಾರದು. ಚೌಕಿಯಲ್ಲಿ ವೇಷದವರು ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುವಾಗ ತೆಗೆದ ಚಿತ್ರಗಳು ಈಗಲೂ ನನಗೆ ಇಷ್ಟ, ಯಾಕೆಂದರೆ ಅಲ್ಲಿ ಯಾರೂ ಅಲ್ಲಾಡುವುದಿಲ್ಲ. ರಂಗಸ್ಥಳದ ಕಥೆ ಬೇರೆ. ಅದರಲ್ಲಿ ಫೋಕಸ್ ಪಾಯಿಂಟ್ (ಕ್ಯಾಮೆರಾ ಗುರಿ ಹಿಡಿಯುವ ಚುಕ್ಕೆ) ಇದ್ದದ್ದು 11, ಕತ್ತಲಲ್ಲಿ ನಂಬಬಹುದಾದದ್ದು ನಡುವಿನದ್ದು ಒಂದೇ. ಅದನ್ನು ವೇಷದ ಕಣ್ಣಿಗೆ ಹಿಡಿದು, ಅರ್ಧ ಒತ್ತಿ, ಕಿರೀಟ ತುಂಡಾಗದ ಹಾಗೆ ಫ್ರೇಮ್ ಸರಿಸುವಷ್ಟರಲ್ಲಿ ಅವರು ನಾಲ್ಕು ಗಿರಕಿ ಹೊಡೆದು ಭಾಗವತರ ಹತ್ತಿರ ಹೋಗಿ ನಿಂತಿರುತ್ತಿದ್ದರು.

ಅಪ್‌ಗ್ರೇಡ್ ಅಂತ ಹೊರಟಾಗ ಎದುರಿಗಿದ್ದದ್ದು ಡಿ5600, ಡಿ7200, ಡಿ7500, ಡಿ500. ಬೇರೆ ಕಂಪನಿ ಕಡೆ ತಲೆ ಹಾಕಲಿಲ್ಲ, ಇದ್ದ ಲೆನ್ಸೆಲ್ಲ ನಿಕಾನಿನವೇ. ಡಿ500 ಲಕ್ಷ ದಾಟಿತ್ತು, ನೋಡಿ ಕೈಮುಗಿದೆ. ಡಿ5600ರ ತಿರುಗುವ ಸ್ಕ್ರೀನು ಚೆನ್ನಾಗಿತ್ತು, ಆದರೆ ಅದರ ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ. ನನ್ನ ಮಟ್ಟಿಗೆ ಅಲ್ಲಿಗೆ ಅದು ಮುಗಿಯಿತು.

ಯಾಕೆ ಅಂದರೆ, ಚಿಕ್ಕಪ್ಪನ ಫಿಲಂ ಕ್ಯಾಮೆರಾದ ಜೊತೆ ಇದ್ದ 85 ಎಂಎಂ ಎಫ್/1.8 ಡಿ ಲೆನ್ಸ್ ಒಂದು ನನ್ನ ಹತ್ತಿರ ಇತ್ತು. ಈ ಹಳೆಯ ಡಿ ಲೆನ್ಸುಗಳ ಒಳಗೆ ಮೋಟರ್ ಇರುವುದಿಲ್ಲ. ಬಾಡಿಯಿಂದ ಸ್ಕ್ರೂಡ್ರೈವರ್ ತುದಿಯಂಥದ್ದೊಂದು ಹೊರಬಂದು ಲೆನ್ಸನ್ನು ತಿರುಗಿಸಬೇಕು. ಡಿ3200ರಲ್ಲಿ ಅದೂ ಇಲ್ಲ, ಹಾಗಾಗಿ ಅದು ಕೈಯಲ್ಲೇ ತಿರುಗಿಸುವ ಲೆನ್ಸಾಗಿ ಕಪಾಟಿನಲ್ಲಿ ಕೂತಿತ್ತು. ಅಂಗಡಿಗೆ ಅದನ್ನೇ ಜೇಬಲ್ಲಿ ಹಾಕಿಕೊಂಡು ಹೋದೆ. ಡಿ7200ಕ್ಕೆ ಹಾಕಿ ಬಟನ್ ಒತ್ತಿದ್ದೇ ತಡ ಕರ್ರ್ ಅಂತ ತಿರುಗಿ ಅಂಗಡಿಯವರ ಕನ್ನಡಕದ ಮೇಲೆ ನಿಂತಿತು. "ಸಾರ್, ಇದಕ್ಕಿಂತ ಹೊಸದು ಡಿ7500 ಉಂಟಲ್ಲ" ಅಂದರು. ಉಂಟು. ಅದರಲ್ಲೂ ಮೋಟರ್ ಉಂಟು, ಸೆಕೆಂಡಿಗೆ 8 ಫ್ರೇಮ್ (ಡಿ7200ಕ್ಕೆ 6), ಮಡಚುವ ಸ್ಕ್ರೀನ್, ಬಫರ್ (ಕಾರ್ಡಿಗೆ ಹೋಗುವ ಮೊದಲು ಫೋಟೊ ತಂಗುವ ಜಾಗ) ಕೂಡ ಜಾಸ್ತಿ. ಆದರೆ ಮೆಮೊರಿ ಕಾರ್ಡಿಗೆ ಒಂದೇ ಜಾಗ. ಡಿ7200ರಲ್ಲಿ ಎರಡು. ಹೊಸದು 2017ರಲ್ಲಿ ಬಂದಿದ್ದರಿಂದ ಹಳೆಯದರ ಬೆಲೆಯೂ ಇಳಿದಿತ್ತು. ಹಳೆಯದನ್ನೇ ತಂದೆ.

ಮನೆಯಲ್ಲಿ ಎಲ್ಲರೂ ಕೇಳಿದ ಮೊದಲ ಪ್ರಶ್ನೆ, "ಇದರಲ್ಲಿ ಎಷ್ಟು ಮೆಗಾಪಿಕ್ಸೆಲ್?" 24.2. "ಹಳೆಯದರಲ್ಲಿ?" 24.2. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ವ್ಯತ್ಯಾಸ ಕಂಡದ್ದು ಮೊದಲ ಆಟದಲ್ಲೇ. 51 ಪಾಯಿಂಟ್ ಇರುವುದರಿಂದ ಅಂಚಿನದ್ದನ್ನು ವೇಷದ ಮುಖಕ್ಕೆ ಇಟ್ಟುಕೊಂಡು ಸುಮ್ನೆ ಹಿಂಬಾಲಿಸಿದರೆ ಸಾಕು. ಬೆಳಕು ತೀರಾ ಕಡಿಮೆಯಾದರೂ ಹುಡುಕಾಟ ಕಡಿಮೆ, ಇದರ ಫೋಕಸ್ -3 ಇವಿ (ಬೆಳಕಿನ ಅಳತೆ, ಸಂಖ್ಯೆ ಇಳಿದಷ್ಟೂ ಕತ್ತಲು) ತನಕ ಕೆಲಸ ಮಾಡುತ್ತದೆ, ಹಳೆಯದು -1ಕ್ಕೇ ನಿಲ್ಲುತ್ತಿತ್ತು. ಶಟರ್‌ಗೊಂದು, ಅಪರ್ಚರ್‌ಗೊಂದು ಅಂತ ಎರಡು ಡಯಲ್ ಇರುವುದು ಸಣ್ಣ ವಿಷಯ ಅನಿಸಬಹುದು. ಚೆಂಡೆ ಏರುತ್ತಿರುವಾಗ ಮೆನು ಹುಡುಕದೇ ಎರಡನ್ನೂ ಬದಲಾಯಿಸಿ ನೋಡಿ, ಆಮೇಲೆ ಹೇಳಿ.

85 ಎಂಎಂ ಲೆನ್ಸ್ ಮೊದಮೊದಲು ಸತಾಯಿಸಿತು. ಎಫ್/2ರಲ್ಲಿ, ಅಂದರೆ ಅಪರ್ಚರ್ ಹೆಚ್ಚುಕಡಿಮೆ ಪೂರ್ತಿ ತೆರೆದಾಗ, ಮೂಗಿನ ತುದಿ ಚೂಪು, ಕಣ್ಣಿನ ಕಾಡಿಗೆ ಮಂಜು. ಲೆನ್ಸೇ ಹಾಳು ಅಂದುಕೊಂಡಿದ್ದೆ. ಈ ಬಾಡಿಯಲ್ಲಿ ಎಎಫ್ ಫೈನ್ ಟ್ಯೂನ್ ಅಂತ ಒಂದಿದೆ, ಒಂದೊಂದು ಲೆನ್ಸಿಗೂ ಫೋಕಸನ್ನು ಹಿಂದೆ ಮುಂದೆ 20 ಅಂಕದಷ್ಟು ಸರಿಸಬಹುದು. ಪೇಪರನ್ನು ಓರೆಯಾಗಿ ಗೋಡೆಗೆ ಒರಗಿಸಿ, ಒಂದು ಸಾಲಿಗೆ ಫೋಕಸ್ ಮಾಡಿ, ಯಾವ ಸಾಲು ಚೂಪಾಗಿದೆ ಅಂತ ನೋಡುತ್ತಾ ಒಂದು ಭಾನುವಾರ ಪೂರ್ತಿ ಕೂತೆ. +8ಕ್ಕೆ ಸರಿಹೋಯಿತು. ಆಮೇಲೆ ಮುಟ್ಟಿಲ್ಲ.

ಎರಡು ಕಾರ್ಡಿನ ಮಾತಿಗೆ ಬಂದರೆ, 2021ರಲ್ಲಿ ಒಂದು ರಾತ್ರಿಯ ಆಟ ಪೂರ್ತಿ ತೆಗೆದು ಮನೆಗೆ ಬಂದು ನೋಡಿದರೆ ಮೊದಲ ಕಾರ್ಡ್ ತೆರೆಯುವುದೇ ಇಲ್ಲ. ಎರಡನೆಯದಕ್ಕೆ ಬ್ಯಾಕಪ್ ಅಂತ ಹಾಕಿಟ್ಟಿದ್ದೆ, ಎಲ್ಲವೂ ಅಲ್ಲಿತ್ತು. ಆ ದಿನ ಅಂಗಡಿಯವರ ಸಲಹೆ ಕೇಳಲಿಲ್ಲವಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಇನ್ನು ಕೊರತೆ. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಎಲ್ಲ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, 1/500 ಸೆಕೆಂಡಿನ ಶಟರ್‌ನಲ್ಲಿ ಫೋಟೊಗೆ ಗೊತ್ತಾಗುತ್ತದೆ. ಒಂದು ಫ್ರೇಮ್ ಸರಿ, ಮುಂದಿನದ್ದು ಮಬ್ಬು, ಅದರ ಮುಂದಿನದ್ದರಲ್ಲಿ ಕೆಳಗಿನರ್ಧ ಹಳದಿ. 1/100ಕ್ಕೆ ಇಳಿಸಿದರೆ ಬೆಳಕು ಸರಿಹೋಗುತ್ತದೆ, ಕುಣಿತ ಅಲುಗಿ ಹೋಗುತ್ತದೆ. ಈ ಮಿನುಗು ನೋಡಿಕೊಂಡು ಶಟರ್ ಬಿಡುವ ಸೌಲಭ್ಯ ಡಿ500, ಡಿ7500ರಲ್ಲಿದೆ, ಡಿ7200ರಲ್ಲಿ ಸ್ಟಿಲ್ ಫೋಟೊಗೆ ಇಲ್ಲ. ಕೊಳ್ಳುವಾಗ ನನಗೆ ಇದರ ಗಾಳಿಗಂಧವೇ ಇರಲಿಲ್ಲ, ಮಾರಾಯ್ರೆ. ಐದಾರು ಫ್ರೇಮ್ ಒಟ್ಟಿಗೆ ಹೊಡೆದು ಒಂದನ್ನು ಆರಿಸಿಕೊಳ್ಳುವುದೇ ನನ್ನ ಪರಿಹಾರ. ಪೂರ್ತಿ ರಾ (ಕ್ಯಾಮೆರಾ ತಿದ್ದದೆ ಕೊಡುವ ದೊಡ್ಡ ಫೈಲ್) ಗುಣಮಟ್ಟದಲ್ಲಿ 18 ಫ್ರೇಮಿಗೆ ಬಫರ್ ತುಂಬುತ್ತದೆ, ಅಷ್ಟರೊಳಗೆ ಬೆರಳು ಎತ್ತಬೇಕು. ಸ್ಕ್ರೀನ್ ಮಡಚದೇ ಇರುವುದೂ ಕಷ್ಟವೇ, ಮುಂದಿನವರ ತಲೆಯ ಮೇಲಿಂದ ಕೈ ಎತ್ತಿ ತೆಗೆದದ್ದೆಲ್ಲ ಅಂದಾಜಿನ ಏಟು.

ಮಳೆಗಾಲಕ್ಕೆ ಒಂದು ಮಾತು. ಮೊದಲ ವರ್ಷ ಜೂನ್‌ನಿಂದ ಬ್ಯಾಗಿನಲ್ಲೇ ಇಟ್ಟು ಮರೆತೆ, ಕಿಟ್ ಲೆನ್ಸಿನೊಳಗೆ ಜೇಡರ ಬಲೆಯಂಥ ಫಂಗಸ್ ಬಂತು. ತಪ್ಪು ನನ್ನದೇ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್. ಅಕ್ಕಿ ಡಬ್ಬದಲ್ಲಿಡಿ ಅಂದವರೂ ಇದ್ದಾರೆ, ಅಕ್ಕಿ ಹುಡಿ ಲೆನ್ಸಿನೊಳಗೆ ಹೋದರೆ ಯಾರನ್ನು ಕೇಳುವುದು?

ಈಗ ಇದೇ ಪ್ರಶ್ನೆ ಯಾರಾದರೂ ಕೇಳಿದರೆ? 2020ರ ಡಿ6, ಡಿ780 ಆದ ಮೇಲೆ ನಿಕಾನ್ ಇಂಥ, ಒಳಗೆ ಕನ್ನಡಿ ಇರುವ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯದು ಸಿಗುತ್ತದೆ. ಹಳೆಯ ಡಿ ಲೆನ್ಸ್ ಇಲ್ಲದವರು ಕನ್ನಡಿಯಿಲ್ಲದ ಮಿರರ್‌ಲೆಸ್‌ಗೇ ಹೋಗಿ. ಇದ್ದವರು ಗಮನಿಸಿ, ನಿಕಾನಿನ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ (ಹಳೆಯ ಲೆನ್ಸನ್ನು ಮಿರರ್‌ಲೆಸ್ ಬಾಡಿಗೆ ಕೂರಿಸುವ ಕೊಂಡಿ) ಆ ಲೆನ್ಸುಗಳಿಗೆ ಆಟೊಫೋಕಸ್ ಇಲ್ಲ. ಆಟ, ನಾಟಕ ಅಂತ ರಾತ್ರಿ ತಿರುಗುವವರು ನನ್ನ ಹಾಗೆ ಮಾಡದೆ ಡಿ7500 ನೋಡಿ, ಕಾರ್ಡ್ ಮಾತ್ರ ಒಳ್ಳೆಯದು ಹಾಕಿ. ಯಾವುದೇ ಆಗಲಿ ಶಟರ್ ಎಷ್ಟು ಸಲ ಬಿದ್ದಿದೆ ಅಂತ ಕೇಳಿ. ಡಿ7200ಕ್ಕೆ 1,50,000 ಅಂತ ಕಂಪನಿಯ ಲೆಕ್ಕ. ನನ್ನದು 1,38,000ದಲ್ಲಿದೆ, ನವೆಂಬರಿನಲ್ಲಿ ಮೇಳಗಳು ಮತ್ತೆ ಹೊರಡುತ್ತವೆ. ಡಿ3200 ಅಕ್ಕನ ಮಗಳ ಹತ್ತಿರ ಇದೆ, ಚೌಕಿಯ ಫೋಟೊ ಈಗ ಅವಳ ಪಾಲು.