ಮೆಕಾಂಗ್ ಕಡೆ ಹೊರಟವರೇ, ‘ಸೈಡ್ ಟ್ರಿಪ್’ ಪುಟ ಮೊದಲು ಓದಿ

ದೀಪಾವಳಿ ರಜೆಗೆ ವಿಯೆಟ್ನಾಂ ಪ್ಯಾಕೇಜ್ ವಿಚಾರಿಸುತ್ತಿರುವ ಮುಂಬಯಿ, ಠಾಣೆ, ಡೊಂಬಿವಲಿಯ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೋ ಚಿ ಮಿನ್ ಸಿಟಿಯಲ್ಲಿ ನಮಗೆ ಒಂದಿಷ್ಟೂ ತೊಂದರೆಯಾಗಲಿಲ್ಲ. ರೂಮು ಚೊಕ್ಕವಾಗಿತ್ತು, ವಿಮಾನವೂ ಸರಿಯಾದ ಹೊತ್ತಿಗೇ ಹೊರಟಿತು. ಕೈಕೊಟ್ಟಿದ್ದು ಪ್ಯಾಕೇಜಿನ ಬಾಲಕ್ಕೆ ಅಂಟಿಸಿದ್ದ ಮೆಕಾಂಗ್ ನದಿಯ ಸೈಡ್ ಟ್ರಿಪ್.

ಏಜೆಂಟ್ ನಮ್ಮ ಕಡೆಯವರೇ. ಸಂಘದ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು, ಅಮ್ಮನ ಹತ್ತಿರ ಊರಿನ ಜಾತ್ರೆ, ಕೋಲದ ಮಾತಾಡಿ ಮನೆಮಂದಿಯಂತಾದವರು. ಹೆಸರು ಬರೆಯುವುದಿಲ್ಲ. ಕೊಟ್ಟ ಕಾಗದದಲ್ಲಿ ಹೀಗಿತ್ತು: ಬೆಳಿಗ್ಗೆ ಎಂಟಕ್ಕೆ ಹೋ ಚಿ ಮಿನ್ ಬಿಟ್ಟು ಮೀ ಥೋ, ಅಲ್ಲಿಂದ ಕಾನ್ ಥೋದ ತೇಲುವ ಮಾರುಕಟ್ಟೆ, ರಾತ್ರಿ ಗಡಿ ಹತ್ತಿರದ ಚೌ ಡಾಕ್ ಊರು, ಮರುದಿನ ಬೋಟಿನಲ್ಲಿ ಕಾಂಬೋಡಿಯದ ನಾಮ್ ಪೆನ್, ತಿರುಗಿ ಹೋ ಚಿ ಮಿನ್‌ಗೆ ಬಂದು ಮುಂಬಯಿ ವಿಮಾನ. ಓದಲಿಕ್ಕೆ ಚಂದವೇ.

ಮಾರುಕಟ್ಟೆಯ ಕತೆ ಮೊದಲು. ಕಾನ್ ಥೋದ ಕಾಯ್ ರಾಂಗ್ ತೇಲುವ ಮಾರುಕಟ್ಟೆಗೆ ಹೋ ಚಿ ಮಿನ್‌ನಿಂದ ಸುಮಾರು 170 ಕಿಲೋಮೀಟರ್, ರಸ್ತೆಯಲ್ಲಿ ಮೂರೂವರೆ ಗಂಟೆ. ವ್ಯಾಪಾರ ಜೋರಿರುವುದು ಬೆಳಗಿನ ಐದರಿಂದ ಏಳರವರೆಗೆ. ಎಂಟಕ್ಕೆ ನಗರದಿಂದಲೇ ಹೊರಟವನಿಗೆ ಅದು ಹೇಗೆ ಸಿಗುತ್ತದೆ ಮಾರಾಯ್ರೆ? ಮೇಲಾಗಿ ದಾರಿಯಲ್ಲಿ ಮೀ ಥೋದಲ್ಲಿ ಇಳಿಸಿ ತೆಂಗಿನ ಮಿಠಾಯಿ ಅಂಗಡಿ, ಜೇನು ಹಾಕಿದ ಚಹಾ, ಕಾಲುವೆಯಲ್ಲಿ ಸಣ್ಣ ದೋಣಿ, ಮತ್ತೆ ಇನ್ನೊಂದು ಅಂಗಡಿ. ಕಾಯ್ ರಾಂಗ್ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಅಲ್ಲಿ ದೋಣಿಯವರು ಉದ್ದನೆಯ ಬಿದಿರುಗಳ ತುದಿಗೆ ತಾವು ಮಾರುವ ಹಣ್ಣು, ತರಕಾರಿಯನ್ನೇ ಕಟ್ಟಿ ಎತ್ತಿ ನಿಲ್ಲಿಸುತ್ತಾರೆ, ಅದೇ ಅವರ ಬೋರ್ಡು. ನಮಗೆ ಕಂಡದ್ದು ಒಂದೇ ಬಿದಿರು, ಅದರ ತುದಿಯಲ್ಲಿ ಬಾಡಿದ ಅನಾನಸು. ಕೆಳಗೆ ದೋಣಿಯವ ಟಾರ್ಪಾಲಿನ ನೆರಳಲ್ಲಿ ಮಲಗಿದ್ದ. ರಸ್ತೆ, ಸೇತುವೆ, ಸೂಪರ್ ಮಾರ್ಕೆಟ್ ಬಂದ ಮೇಲೆ ಅಲ್ಲಿ ದೋಣಿಗಳೇ ಕಡಿಮೆಯಾಗುತ್ತಿವೆ, ಹಾಗಾಗಿ ಹೊತ್ತು ಮೀರಿ ಹೋದರೆ ಬರೀ ನೀರು. ನೋಡಲೇಬೇಕಿದ್ದರೆ ಹಿಂದಿನ ರಾತ್ರಿ ಕಾನ್ ಥೋದಲ್ಲೇ ಉಳಿಯಬೇಕು. ಬೇರೆ ದಾರಿಯಿಲ್ಲ.

‘ಊಟ ಸಮೇತ’ ಎಂದಿದ್ದ ಜಾಗದಲ್ಲಿ ಒಂದು ಇಡೀ ಮೀನನ್ನು ಹುರಿದು, ಕಡ್ಡಿಗಳ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ಮೇಜಿಗೆ ತಂದರು. ಆ ಕಡೆಯ ವಿಶೇಷ ಅದು, ಮೀನು ತಿನ್ನುವ ನನಗೇನೂ ದೂರಿಲ್ಲ. ಅಮ್ಮ ಮೀನು ಬಿಟ್ಟು ವರ್ಷಗಳಾದವು. ಅವರಿಗೆ ಕೊಟ್ಟ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿತ್ತು. ‘ಜೈನ್ ಊಟ ಹೇಳಿದ್ದೇನೆ’ ಎಂದಿದ್ದರು ಏಜೆಂಟ್. ಗೈಡ್‌ಗೆ ಆ ಸುದ್ದಿಯೇ ಗೊತ್ತಿಲ್ಲ. ‘ಚಾಯ್’ ಎಂದು ಬೋರ್ಡಿರುವ ಸಸ್ಯಾಹಾರಿ ಹೋಟೆಲುಗಳು ಕಾನ್ ಥೋದಲ್ಲಿವೆ, ಅಂಥದ್ದೊಂದರ ವಿಳಾಸ ಮೊದಲೇ ಇಟ್ಟುಕೊಳ್ಳಿ.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಮರುದಿನ ಬೆಳಿಗ್ಗೆ ಚೌ ಡಾಕ್‌ನ ಬೋಟ್ ಕೌಂಟರಿನಲ್ಲಿ. ಅಲ್ಲಿದ್ದ ಹುಡುಗಿ ನಮ್ಮ ವೀಸಾ ಪ್ರಿಂಟ್ ತಿರುಗಿಸಿ, ‘ಸಿಂಗಲ್ ಎಂಟ್ರಿ’ ಎಂಬಲ್ಲಿ ಉಗುರು ಇಟ್ಟು, “ವಾಪಸ್ ವಿಯೆಟ್ನಾಂಗೆ ಬರುತ್ತೀರಾ?” ಎಂದು ಕೇಳಿದಳು. ಬರಬೇಕಲ್ಲ, ವಿಮಾನ ಇರುವುದೇ ಅಲ್ಲಿಂದ. “ಹಾಗಾದರೆ ಬೋಟ್ ಹತ್ತಬೇಡಿ” ಎಂದಳು. ಆ ಹುಡುಗಿಗೆ ಪುಣ್ಯ ಬರಲಿ. ಒಮ್ಮೆ ಗಡಿ ದಾಟಿದ್ದರೆ ಆ ವೀಸಾ ಅಲ್ಲಿಗೇ ಮುಗಿಯುತ್ತಿತ್ತು, ಮಕ್ಕಳನ್ನೂ ಅಮ್ಮನನ್ನೂ ಕಟ್ಟಿಕೊಂಡು ನಾಮ್ ಪೆನ್‌ನಲ್ಲಿ ಹೊಸ ವೀಸಾಕ್ಕೆ ಕಾಯಬೇಕಿತ್ತು.

ಅಲ್ಲಿ ಏಳು ಗಂಟೆ ಎಂದರೆ ಇಲ್ಲಿ ಐದೂವರೆ. ಏಜೆಂಟ್ ಫೋನ್ ಎತ್ತಲಿಲ್ಲ. ಬೋಟ್ ಹೋದ ಎಷ್ಟೋ ಹೊತ್ತಿನ ಮೇಲೆ ವಾಟ್ಸಾಪ್‌ನಲ್ಲಿ ದನಿ ಬಂತು: “ಅಣ್ಣಾ, ಟೆನ್ಶನ್ ಬೇಡ, ಬಾರ್ಡರಲ್ಲಿ ಮಾಡಿ ಕೊಡ್ತಾರೆ.” ಮಾಡಿ ಕೊಡುವುದಿಲ್ಲ. ವಿಯೆಟ್ನಾಂ ಇ-ವೀಸಾದಲ್ಲಿ ಒಮ್ಮೆ ಪ್ರವೇಶಕ್ಕೆ 25 ಡಾಲರ್, ಹಲವು ಬಾರಿಯ ಪ್ರವೇಶಕ್ಕೆ 50. ಎರಡೂ ಗರಿಷ್ಠ 90 ದಿನದವು. ನಮ್ಮಿಂದ ವಸೂಲಾದ ‘ವೀಸಾ ಚಾರ್ಜ್’ ಆ 50 ಡಾಲರಿಗಿಂತಲೂ ಜಾಸ್ತಿ! ಅರ್ಜಿಯನ್ನು ನೀವೇ ಹಾಕಬಹುದು, ಕಷ್ಟವಿಲ್ಲ. ಆದರೆ ವಿಳಾಸದ ಕೊನೆಯಲ್ಲಿ ‘ಡಾಟ್ ಗವ್ ಡಾಟ್ ವಿಎನ್’ ಇರುವ ಸರಕಾರಿ ತಾಣವನ್ನೇ ಬಳಸಿ, ಅದೇ ರೂಪದ ನಕಲಿಗಳು ಬೇಕಾದಷ್ಟಿವೆ. ಕಾಂಬೋಡಿಯಕ್ಕೆ ಬೇರೆಯೇ ವೀಸಾ ಬೇಕು.

ಹೀಗೆ ನಾಮ್ ಪೆನ್ ಹೋಟೆಲ್, ಬೋಟ್ ಟಿಕೆಟ್ ಎಲ್ಲ ನೀರಿಗೆ ಬಿತ್ತು. ಬಾಡಿಗೆ ಕಾರಿನಲ್ಲಿ ದಿನವಿಡೀ ಕೂತು ಹೋ ಚಿ ಮಿನ್‌ಗೆ ಮರಳಿದೆವು. ಕಾರಿನ ದುಡ್ಡು ಎಣಿಸುವಾಗ ಇನ್ನೊಂದು: 20 ಸಾವಿರ ಡಾಂಗ್ ನೋಟೂ ನೀಲಿ, 5 ಲಕ್ಷದ್ದೂ ನೀಲಿಯೇ. ಸಂಜೆ ಬೆಳಕಿನಲ್ಲಿ ಸೊನ್ನೆ ಎಣಿಸಿಯೇ ಕೊಡಿ.

ಸೈಡ್ ಟ್ರಿಪ್ಪಿನ ಹಣವನ್ನು ಏಜೆಂಟ್ ‘ಅಲ್ಲಿನ ಪಾರ್ಟಿಗೆ ಕೊಡಬೇಕು’ ಎಂದು ಬೇರೆಯಾಗಿ ನಗದಿನಲ್ಲಿ ಪಡೆದಿದ್ದರು. ಈಗ ಕೇಳಿದರೆ ಅದು ಪ್ಯಾಕೇಜಿನಲ್ಲೇ ಇರಲಿಲ್ಲ ಎನ್ನುತ್ತಾರೆ. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಟಿಸಿಎಸ್, ಅಂದರೆ ಮಾರುವಾಗಲೇ ಗಿರಾಕಿಯಿಂದ ವಸೂಲು ಮಾಡುವ ಆದಾಯ ತೆರಿಗೆ, ಹಿಡಿಯಲೇಬೇಕು, ಹಿಡಿದದ್ದು ಆದಾಯ ತೆರಿಗೆ ತಾಣದಲ್ಲಿ ನಿಮ್ಮ ಪ್ಯಾನ್ ನಂಬರಿನ ತೆರಿಗೆ ಪಟ್ಟಿಯಲ್ಲಿ ಕಾಣುತ್ತದೆ. ನನ್ನದರಲ್ಲಿ ಮುಖ್ಯ ಪ್ಯಾಕೇಜಿನದ್ದು ಮಾತ್ರ ಇದೆ. ಹಣ ಕೊಡುವಾಗ ಸೈಡ್ ಟ್ರಿಪ್ಪನ್ನೂ ಅದೇ ಬಿಲ್ಲಿನಲ್ಲಿ ಬರೆಸಿ. ಆಗುವುದಿಲ್ಲ ಎಂದರೆ ಆ ಭಾಗ ಬಿಟ್ಟುಬಿಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದೇ. 2019ರ ಕಾಯಿದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು. ವಾಟ್ಸಾಪ್ ಸಂದೇಶ, ಆ ಸಿಂಗಲ್ ಎಂಟ್ರಿ ಪ್ರಿಂಟ್, ಎಂಟು ಗಂಟೆ ಎಂದು ಬರೆದ ಕಾಗದ ಮೂರೂ ನನ್ನ ಹತ್ತಿರ ಇವೆ. ಇದೇ ಏಜೆಂಟರಿಂದ ಪೆಟ್ಟು ತಿಂದವರು ಬೇರೆ ಯಾರಾದರೂ ಇದ್ದರೆ ಹೇಳಿ, ಒಟ್ಟಿಗೇ ಹಾಕೋಣ.